ಚೆಂಡು ಕೈಬಿಡುವ ಮೊದಲೇ ಹಿಡಿದ ಇನ್ನೊಂದು ಕಸುಬು: ರೋಜರ್ ಸ್ಟಾಬ್ಯಾಕ್ ಬಗ್ಗೆ ಒಂದು ಉತ್ತರ

ಪ್ರಶ್ನೆ: ನನ್ನ ಮಗ, ಸೊಸೆ ಡಲ್ಲಾಸ್ ಹತ್ತಿರ ಇದ್ದಾರೆ. ಮೊಮ್ಮಗ ಎಂಟನೇ ತರಗತಿ. ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಅವನೇ ಕ್ವಾರ್ಟರ್‌ಬ್ಯಾಕ್ ಅಂತೆ. ಓದು ಹಿಂದೆ ಬೀಳುತ್ತದಲ್ಲ ಎಂದು ನಾನು ಫೋನಿನಲ್ಲಿ ಕೇಳಿದ್ದಕ್ಕೆ, ಅವರ ಕೋಚ್ ರೋಜರ್ ಸ್ಟಾಬ್ಯಾಕ್ ಎಂಬುವರ ಹೆಸರು ಹೇಳಿ, ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರು ಮುಂದೆ ದೊಡ್ಡ ಕಂಪನಿ ಕಟ್ಟುತ್ತಾರೆ ಎಂದಿದ್ದಾರೆ. ಇದು ನಿಜವೇ? ಚೆಂಡು ಎಸೆಯುವುದಕ್ಕೂ ಕಂಪನಿ ನಡೆಸುವುದಕ್ಕೂ ಏನು ಸಂಬಂಧ? ನಾನು ನಿವೃತ್ತ ಶಿಕ್ಷಕ. ನನಗೆ ಈ ಆಟವೂ ತಿಳಿಯದು, ಆ ವ್ಯಾಪಾರವೂ ತಿಳಿಯದು. ದಯವಿಟ್ಟು ಬಿಡಿಸಿ ಹೇಳಿ. (ಶಿವಮೊಗ್ಗದಿಂದ ಒಬ್ಬ ಓದುಗರು)

ಉತ್ತರ: ಮೇಷ್ಟ್ರೇ, ಕೋಚ್ ಹೇಳಿದ್ದು ಸುಳ್ಳಲ್ಲ. ರೋಜರ್ ಸ್ಟಾಬ್ಯಾಕ್ 1963ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಗೌರವವಾದ ಹೈಸ್‌ಮನ್ ಟ್ರೋಫಿ ಗೆದ್ದವರು. 2008ರಲ್ಲಿ ತಾವು ಕಟ್ಟಿದ ಕಂಪನಿಯನ್ನು 61.3 ಕೋಟಿ ಡಾಲರ್‌ಗೆ ಮಾರಿದವರು. ಎರಡೂ ದಾಖಲೆಯಲ್ಲಿರುವ ಸಂಗತಿ. ಆದರೆ ಇವೆರಡರ ನಡುವೆ ನಲವತ್ತೈದು ವರ್ಷಗಳಿವೆ. ಕೋಚ್ ಆ ನಲವತ್ತೈದು ವರ್ಷಗಳನ್ನು ಹಾರಿಸಿಬಿಟ್ಟಿದ್ದಾರೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಕಚೇರಿ ಕಟ್ಟಡಗಳ ಬಾಡಿಗೆ ವ್ಯವಹಾರ ನನ್ನ ಕಸುಬೂ ಹೌದಾದ್ದರಿಂದ, ಆ ಮನುಷ್ಯ ಈ ಕಸುಬಿಗೆ ಏನು ಮಾಡಿದರು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಮೊದಲು ಆಟ. ಒಂದು ತಂಡದಿಂದ ಹನ್ನೊಂದು ಜನ ಮೈದಾನದಲ್ಲಿರುತ್ತಾರೆ. ಚೆಂಡು ಯಾರ ಬಳಿ ಇದೆಯೋ ಆ ತಂಡಕ್ಕೆ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗುವ ಹೊಣೆ. ಹೋದರೆ ಮತ್ತೆ ನಾಲ್ಕು ಯತ್ನ, ಹೋಗದಿದ್ದರೆ ಚೆಂಡು ಎದುರಾಳಿಗೆ. ಪ್ರತಿ ಯತ್ನವೂ ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್ ಕೈಗೆ ಚೆಂಡು ಬರುವುದರಿಂದಲೇ ಶುರು. ಅದನ್ನು ಓಡುವವನ ಕೈಗೆ ಕೊಡಬೇಕೋ, ದೂರದಲ್ಲಿ ಓಡುತ್ತಿರುವವನಿಗೆ ಎಸೆಯಬೇಕೋ, ತಾನೇ ಎತ್ತಿಕೊಂಡು ಓಡಬೇಕೋ ಎಂದು ಅವನು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಅಷ್ಟರಲ್ಲಿ ನೂರು ಕಿಲೋ ದಾಟಿದ ಆಳುಗಳು ಅವನನ್ನು ನೆಲಕ್ಕೆ ಕೆಡವಲು ನುಗ್ಗುತ್ತಿರುತ್ತಾರೆ. ನಮ್ಮ ಕ್ರಿಕೆಟ್‌ನಲ್ಲಿ ನಾಯಕನೇ ಪ್ರತಿ ಚೆಂಡನ್ನೂ ಎಸೆಯಬೇಕು ಎಂಬ ನಿಯಮ ಇದ್ದಿದ್ದರೆ ಹೇಗಿರುತ್ತಿತ್ತೋ, ಹೆಚ್ಚುಕಮ್ಮಿ ಹಾಗೆ. ಗೆದ್ದರೆ ಹೊಗಳಿಕೆಯ ಸಿಂಹಪಾಲು ಅವನಿಗೆ, ಸೋತರೆ ಬೈಗುಳವೂ ಅವನಿಗೇ.

ಸ್ಟಾಬ್ಯಾಕ್ ಹುಟ್ಟಿದ್ದು 1942ರ ಫೆಬ್ರವರಿ 5ರಂದು, ಒಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ. ತಂದೆತಾಯಿಗೆ ಒಬ್ಬನೇ ಮಗ. ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಓದು. ಆಮೇಲೆ ನ್ಯೂ ಮೆಕ್ಸಿಕೋದ ರಾಸ್‌ವೆಲ್‌ನಲ್ಲಿರುವ ಸೈನಿಕ ಕಾಲೇಜಿನಲ್ಲಿ ಒಂದು ವರ್ಷ. 1961ರಲ್ಲಿ ಅನಾಪೊಲಿಸ್‌ನ ಅಮೆರಿಕ ನೌಕಾ ಅಕಾಡೆಮಿ. ಈ ಆಯ್ಕೆಯನ್ನು ನೀವು ಗಮನಿಸಬೇಕು. ಅಲ್ಲಿ ಶುಲ್ಕವಿಲ್ಲ, ಊಟ ವಸತಿಯೂ ಸರ್ಕಾರದ್ದೇ. ಬದಲಿಗೆ ಪದವಿ ಮುಗಿದ ಮೇಲೆ ವರ್ಷಗಟ್ಟಲೆ ನೌಕಾಪಡೆಯಲ್ಲಿ ದುಡಿಯಲೇಬೇಕು. ವೃತ್ತಿಪರ ಆಟಗಾರನಾಗುವುದೊಂದೇ ಗುರಿಯಾಗಿದ್ದ ಹುಡುಗ ಅಂಥ ಕಡೆ ಕಾಲಿಡುತ್ತಿರಲಿಲ್ಲ.

ಅಕಾಡೆಮಿಯಲ್ಲಿ ಕೋಚ್ ವೇಯ್ನ್ ಹಾರ್ಡಿನ್ ಕೈಕೆಳಗೆ ಅವರು ಬೆಳೆದ ಬಗೆ ಬೇರೆಯೇ ಕಥೆ. 1963ರಲ್ಲಿ, ಮೂರನೇ ವರ್ಷದ ವಿದ್ಯಾರ್ಥಿಯಾಗಿದ್ದಾಗಲೇ ಹೈಸ್‌ಮನ್ ಬಂತು. ಪ್ರಶಸ್ತಿ ಘೋಷಣೆಯಾದದ್ದು ನವೆಂಬರ್ 26ರಂದು, ಅಧ್ಯಕ್ಷ ಕೆನಡಿ ಡಲ್ಲಾಸ್‌ನಲ್ಲಿ ಗುಂಡಿಗೆ ಬಲಿಯಾದ ನಾಲ್ಕೇ ದಿನಕ್ಕೆ. ಲೈಫ್ ಪತ್ರಿಕೆ ಆ ವಾರ ಸ್ಟಾಬ್ಯಾಕ್ ಚಿತ್ರವನ್ನು ಮುಖಪುಟಕ್ಕೆ ಸಿದ್ಧಮಾಡಿತ್ತು. ಕೆನಡಿ ಹತ್ಯೆಯಾದೊಡನೆ ಅದನ್ನು ತೆಗೆದು ಅಧ್ಯಕ್ಷರ ಚಿತ್ರ ಹಾಕಿತು.

ಭೂಸೇನೆ ಮತ್ತು ನೌಕಾಪಡೆಯ ಅಕಾಡೆಮಿಗಳ ನಡುವೆ ಪ್ರತಿ ವರ್ಷ ಒಂದು ಪಂದ್ಯ ನಡೆಯುತ್ತದೆ. ಅಮೆರಿಕನ್ನರಿಗೆ ಅದು ಬರೀ ಆಟವಲ್ಲ. ಕೆನಡಿ ಸ್ವತಃ ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಅಧಿಕಾರಿಯಾಗಿದ್ದವರು. ಪಂದ್ಯ ರದ್ದು ಮಾಡಬೇಡಿ ಎಂದು ಅವರ ಮನೆಯವರೇ ಕೇಳಿಕೊಂಡದ್ದರಿಂದ ಅದನ್ನು ಒಂದು ವಾರ ಮುಂದೂಡಿ ಡಿಸೆಂಬರ್ 7ರಂದು ಫಿಲಡೆಲ್ಫಿಯಾದಲ್ಲಿ ಆಡಿಸಿದರು. ಒಂದು ಲಕ್ಷದಷ್ಟು ಜನ. ನೌಕಾಪಡೆ 21–7ರಿಂದ ಮುಂದಿತ್ತು. ಕೊನೆಯ ಭಾಗದಲ್ಲಿ ಭೂಸೇನೆಯ ಕ್ವಾರ್ಟರ್‌ಬ್ಯಾಕ್ ರಾಲಿ ಸ್ಟಿಚ್‌ವೇ ಅಂಕ ಗಳಿಸಿ 21–15 ಮಾಡಿದರು. ಮರುಗಳಿಗೆಯಲ್ಲೇ ಚೆಂಡು ಮತ್ತೆ ಅವರ ಪಾಲಾಯಿತು. ತಳ್ಳುತ್ತಾ ತಳ್ಳುತ್ತಾ, ದಾಟಿದರೆ ಅಂಕ ಸಿಗುವ ನೌಕಾಪಡೆಯ ಗೆರೆಗೆ ಎರಡೇ ಗಜ ದೂರಕ್ಕೆ ಬಂದರು. ಜನರ ಕೂಗಿಗೆ ಸ್ಟಿಚ್‌ವೇ ಹೇಳುವುದು ಪಕ್ಕದಲ್ಲಿದ್ದ ಅವರ ಆಟಗಾರರಿಗೇ ಕೇಳಿಸುತ್ತಿಲ್ಲ. ಅವರು ಕೈಯೆತ್ತಿ ರೆಫರಿ ಕಡೆ ನೋಡುತ್ತಿದ್ದಾರೆ, ಗಡಿಯಾರ ಓಡುತ್ತಿದೆ. ಕೊನೆಯ ಯತ್ನಕ್ಕೆ ಅಣಿಯಾಗುವಷ್ಟರಲ್ಲಿ ಸಮಯ ಮುಗಿದೇ ಹೋಯಿತು. ನೌಕಾಪಡೆ ಗೆದ್ದಿತು. ಟಿ.ವಿ.ಯಲ್ಲಿ ಒಂದು ಆಟವನ್ನು ಆಡಿದ ಕೂಡಲೇ ಮತ್ತೆ ತೋರಿಸುವ ಪದ್ಧತಿ ಶುರುವಾದದ್ದೂ ಈ ಪಂದ್ಯದಲ್ಲೇ.

ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಎದುರಾಳಿಯ ಗೆರೆಯಾಚೆಗೆ ಚೆಂಡು ಒಯ್ದು ಅಂಕ ಗಳಿಸುವುದಕ್ಕೆ ಟಚ್‌ಡೌನ್ ಎನ್ನುತ್ತಾರೆ. ಆ ದಿನ ನೌಕಾಪಡೆಯ ಮೂರೂ ಟಚ್‌ಡೌನ್ ಹೊಡೆದವರು ಪ್ಯಾಟ್ ಡಾನೆಲಿ ಎಂಬ ಫುಲ್‌ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವ ಆಟಗಾರ. ದೇಶದ ಅತ್ಯುತ್ತಮ ಆಟಗಾರ ಎಂದು ಹನ್ನೊಂದು ದಿನದ ಹಿಂದಷ್ಟೇ ಬಿರುದು ಪಡೆದಿದ್ದ ಸ್ಟಾಬ್ಯಾಕ್ ಆ ಪಂದ್ಯದಲ್ಲಿ ಒಂದೂ ಟಚ್‌ಡೌನ್ ಹೊಡೆಯಲಿಲ್ಲ. ಚೆಂಡನ್ನು ಯಾರ ಕೈಗೆ ಕೊಡಬೇಕೋ ಅವರಿಗೆ ಕೊಟ್ಟರು. ಕ್ವಾರ್ಟರ್‌ಬ್ಯಾಕ್ ಕೆಲಸದಲ್ಲಿ ಮುಂದೆ ವ್ಯವಹಾರಕ್ಕೆ ಬರುವ ಗುಣ ಯಾವುದಾದರೂ ಇದ್ದರೆ ಅದು ಇದೇ ಎಂದು ನನ್ನ ನಂಬಿಕೆ. ಎಸೆತದ ಬಲವೂ ಅಲ್ಲ, ಜನಪ್ರಿಯತೆಯೂ ಅಲ್ಲ.

ಮರುವರ್ಷ ಕಾಲಿಗೆ ಪೆಟ್ಟು. ತಂಡ 3 ಗೆದ್ದು 6 ಸೋತಿತು, ಒಂದು ಸಮ. 1965ರಲ್ಲಿ ಪದವಿ ಸಿಕ್ಕಿತು. ವೃತ್ತಿಪರ ತಂಡಗಳು ಪ್ರತಿ ವರ್ಷ ಸುತ್ತು ಸುತ್ತಾಗಿ, ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ. ಡಲ್ಲಾಸ್ ಕೌಬಾಯ್ಸ್ ತಂಡ 1964ರಲ್ಲೇ ಹತ್ತನೇ ಸುತ್ತಿನಲ್ಲಿ ಅವರನ್ನು ಆರಿಸಿಟ್ಟಿತ್ತು. ಹತ್ತನೇ ಸುತ್ತು ಎಂದರೆ ನೂರಿಪ್ಪತ್ತಕ್ಕೂ ಹೆಚ್ಚು ಹುಡುಗರು ಹೋದ ಮೇಲೆ. ನೌಕಾಪಡೆಯ ಋಣ ತೀರಿಸದೆ ಬರಲಾರರು ಎಂದು ಎಲ್ಲರಿಗೂ ಗೊತ್ತಿತ್ತು.

ಅವರಿಗೆ ಬಣ್ಣಗುರುಡು ಇತ್ತು. ಹಡಗಿನ ದೀಪದ ಬಣ್ಣ ಗುರುತಿಸಲಾರದವರಿಗೆ ಹಡಗು ನಡೆಸುವ ಹೊಣೆ ಕೊಡುವುದಿಲ್ಲ. ಹಾಗಾಗಿ ಸಪ್ಲೈ ಕೋರ್, ಅಂದರೆ ಸರಬರಾಜು ವಿಭಾಗ ಸೇರಿದರು. ವಿಯೆಟ್ನಾಂಗೆ ತಾವಾಗಿಯೇ ಮುಂದಾಗಿ ಹೋಗಿ, ದನಾಂಗ್ ಮತ್ತು ಚು ಲಾಯ್‌ನಲ್ಲಿ ಒಂದು ವರ್ಷ ಕೆಲಸ ಮಾಡಿದರು. ಹಡಗಿನಿಂದ ಇಳಿದ ಸಾಮಾನು ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿಗೆ, ಯಾವ ಲಾರಿಯಲ್ಲಿ, ಯಾರ ಸಹಿ ಬೇಕು ಎಂಬ ಕೆಲಸ ಅದು. ಚಪ್ಪಾಳೆ ಇಲ್ಲದ ಕೆಲಸ. ಟ್ರೋಫಿ ಗೆದ್ದವನೊಬ್ಬ ತನ್ನ ಇಪ್ಪತ್ತನಾಲ್ಕು ಇಪ್ಪತ್ತೈದನೇ ವಯಸ್ಸನ್ನು ದಾಸ್ತಾನು ಪುಸ್ತಕ ನೋಡುತ್ತಾ ಕಳೆದದ್ದು ಅವನ ಮುಂದಿನ ಕಂಪನಿಗೆ ಹಾಕಿದ ಮೊದಲ ಬಂಡವಾಳ ಎಂದು ನಾನು ಎಣಿಸುತ್ತೇನೆ. ರಜೆ ಸಿಕ್ಕಾಗ ಮಾತ್ರ ಕೌಬಾಯ್ಸ್ ತರಬೇತಿ ಶಿಬಿರಕ್ಕೆ ಹೋಗಿ ಬರುತ್ತಿದ್ದರು.

1969ರಲ್ಲಿ ತಂಡ ಸೇರಿದಾಗ ವಯಸ್ಸು ಇಪ್ಪತ್ತೇಳು. ಹೊಸಬರ ಪೈಕಿ ಅದು ಮುದಿ ವಯಸ್ಸೇ. ಮನೆಯಲ್ಲಿ ಹೆಂಡತಿ ಮರಿಯಾನ್, ಚಿಕ್ಕ ಮಕ್ಕಳು. ಆಗಿನ ಕಾಲದಲ್ಲಿ ಆಟಗಾರರಿಗೆ ಈಗಿನಂತೆ ಕೋಟಿಗಟ್ಟಲೆ ಬರುತ್ತಿರಲಿಲ್ಲ. ಒಂದು ಪೆಟ್ಟು ಬಿದ್ದರೆ ಮರುದಿನವೇ ಸಂಬಳ ನಿಲ್ಲಬಹುದಿತ್ತು. ಅದಕ್ಕೇ, ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ಡಲ್ಲಾಸ್‌ನ ಹೆನ್ರಿ ಎಸ್. ಮಿಲ್ಲರ್ ಎಂಬ ರಿಯಲ್ ಎಸ್ಟೇಟ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು.

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಈ ಒಂದು ಸಂಗತಿಯಲ್ಲಿದೆ. ಆಟ ಮುಗಿದ ಮೇಲೆ ಅವರು ವ್ಯಾಪಾರಕ್ಕೆ ಬಂದವರಲ್ಲ. ಆಟದ ಜೊತೆಜೊತೆಗೇ, ಏಳು ವರ್ಷ ಹತ್ತಿರ, ಇನ್ನೊಬ್ಬರ ಕೈಕೆಳಗೆ ಕಸುಬು ಕಲಿತವರು. 1972ರ ಜನವರಿಯಲ್ಲಿ ಮಯಾಮಿ ತಂಡವನ್ನು 24–3ರಿಂದ ಸೋಲಿಸಿ, ವೃತ್ತಿಪರ ಆಟದ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದರು, ಆ ಪಂದ್ಯದ ಶ್ರೇಷ್ಠ ಆಟಗಾರರೂ ಆದರು. ಊರೆಲ್ಲ ಅವರ ಹೆಸರನ್ನೇ ಜಪಿಸುತ್ತಿದ್ದ ಆ ವರ್ಷಗಳಲ್ಲೂ, ಸೀಸನ್ ಮುಗಿದೊಡನೆ ಟೈ ಕಟ್ಟಿಕೊಂಡು ಕಚೇರಿಗೆ ಹೋಗುತ್ತಿದ್ದರು. ಗಾಳಿ ಬಂದಾಗ ತೂರಿಕೊಳ್ಳಬೇಕು ಎನ್ನುತ್ತೇವಲ್ಲ, ಅವರು ಮಾಡಿದ್ದು ಅದೇ. ಹೆಸರು ಬಿಸಿಯಾಗಿದ್ದಾಗ ಬಾಗಿಲು ಬೇಗ ತೆರೆಯುತ್ತದೆ. ತೆರೆದ ಬಾಗಿಲಿನ ಒಳಗೆ ಕೂತು ಮಾತಾಡಲು ಕಸುಬು ಗೊತ್ತಿರಬೇಕು.

ಕೌಬಾಯ್ಸ್ ತಂಡದ ಕೋಚ್ ಟಾಮ್ ಲ್ಯಾಂಡ್ರಿ ಅವರೊಂದಿಗಿನ ಸಂಬಂಧವನ್ನೂ ಹೇಳಬೇಕು. ಯಾವ ಆಟ ಆಡಬೇಕೆಂದು ಲ್ಯಾಂಡ್ರಿಯೇ ಹೊರಗಿನಿಂದ ಹೇಳಿ ಕಳಿಸುತ್ತಿದ್ದರು. ಸ್ಟಾಬ್ಯಾಕ್‌ಗೆ ಅದು ಹಿಡಿಸುತ್ತಿರಲಿಲ್ಲ, ತಾನೇ ನಿರ್ಧರಿಸಬೇಕೆಂಬ ಆಸೆ. 1971ರಲ್ಲಿ ಲ್ಯಾಂಡ್ರಿ ಇನ್ನೂ ಮುಂದೆ ಹೋಗಿ, ಶಿಕಾಗೊ ವಿರುದ್ಧದ ಪಂದ್ಯದಲ್ಲಿ ಒಂದು ಯತ್ನಕ್ಕೆ ಸ್ಟಾಬ್ಯಾಕ್, ಮತ್ತೊಂದಕ್ಕೆ ತಂಡದ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಕ್ರೇಗ್ ಮಾರ್ಟನ್ ಎಂದು ಇಬ್ಬರನ್ನೂ ಅದಲುಬದಲು ಮಾಡಿದರು. ತಂಡ ಸೋತಿತು. ಆಮೇಲೆ ಸ್ಟಾಬ್ಯಾಕ್ ಒಬ್ಬರನ್ನೇ ಇಟ್ಟುಕೊಂಡರು. ಸತತ ಹತ್ತು ಪಂದ್ಯ ಗೆದ್ದು ಸೂಪರ್ ಬೌಲ್ ಎತ್ತಿದರು. ಯೋಜನೆ ಇನ್ನೊಬ್ಬರದ್ದು, ಜಾರಿಗೆ ತರುವ ಹೊಣೆ ತನ್ನದು, ಒಪ್ಪದಿದ್ದರೂ ಮನಸ್ಸಿಟ್ಟು ಮಾಡಬೇಕು. ದೊಡ್ಡ ಸಂಸ್ಥೆಯಲ್ಲಿ ಕೆಲಸ ಮಾಡಿದವರಿಗೆ ಇದು ಹೊಸತಲ್ಲ. ಕ್ವಾರ್ಟರ್‌ಬ್ಯಾಕ್ ಎಂದರೆ ಮೈದಾನದ ದೊರೆ ಎಂದು ಹೊರಗಿನವರು ತಿಳಿಯುತ್ತಾರೆ. ಸ್ಟಾಬ್ಯಾಕ್‌ಗೆ ಅಲ್ಲಿ ಸಿಕ್ಕ ಪಾಠದಲ್ಲಿ ಅಧೀನತೆಯೂ ದೊರೆತನದಷ್ಟೇ ಇತ್ತು.

1977ರಲ್ಲಿ, ಇನ್ನೂ ಆಡುತ್ತಿರುವಾಗಲೇ, ರಾಬರ್ಟ್ ಹಾಲೋವೇ ಎಂಬ ಪಾಲುದಾರರೊಂದಿಗೆ ಸ್ವಂತ ಕಂಪನಿ ತೆರೆದರು. 1978ರ ಜನವರಿಯಲ್ಲಿ ಡೆನ್ವರ್ ವಿರುದ್ಧ ಎರಡನೇ ಸೂಪರ್ ಬೌಲ್ ಗೆದ್ದಾಗ ಅವರಿಗೊಂದು ಕಚೇರಿಯೂ ಇತ್ತು, ನೌಕರರೂ ಇದ್ದರು. 1980ರಲ್ಲಿ ಆಟಕ್ಕೆ ವಿದಾಯ. 1980ರ ದಶಕದ ಆರಂಭದಲ್ಲಿ ಅವರ ಕಂಪನಿಯ ಹೆಸರು ‘ದ ಸ್ಟಾಬ್ಯಾಕ್ ಕಂಪನಿ’ ಆಯಿತು.

ಆ ಕಂಪನಿ ಮಾಡುತ್ತಿದ್ದ ಕೆಲಸವೇನು? ಇದನ್ನು ಬಹಳ ಜನ ಕೇಳುವುದೇ ಇಲ್ಲ, ರಿಯಲ್ ಎಸ್ಟೇಟ್ ಎಂದೊಡನೆ ಸೈಟು ಮಾರುವುದು ಅಂದುಕೊಳ್ಳುತ್ತಾರೆ. ಅವರು ಹಿಡಿದದ್ದು ಬಾಡಿಗೆದಾರನ ಪಕ್ಷ.

ಒಂದು ಕಂಪನಿಗೆ ಕಚೇರಿ ಬೇಕು ಅಂದುಕೊಳ್ಳಿ. 20,000 ಚದರಡಿಗೆ ಹತ್ತು ವರ್ಷದ ಲೀಸ್. ಕರಾರು ಪತ್ರ ಎಪ್ಪತ್ತು ಎಂಬತ್ತು ಪುಟ ಇರುತ್ತದೆ. ಮೊದಲ ಪುಟದಲ್ಲಿ ಚದರಡಿಗೆ ಇಷ್ಟು ಡಾಲರ್ ಎಂದು ಇರುತ್ತದೆ, ಎಲ್ಲರೂ ಅದನ್ನೇ ನೋಡುತ್ತಾರೆ. ಆದರೆ ಆ 20,000ದಲ್ಲಿ ಲಾಬಿಯ ಪಾಲು, ಕಾರಿಡಾರಿನ ಪಾಲು, ಲಿಫ್ಟ್ ಮುಂದಿನ ಜಾಗದ ಪಾಲು ಸೇರಿರುತ್ತದೆ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡವರಿಗೆ ಸೂಪರ್ ಬಿಲ್ಟ್‌ಅಪ್‌ಗೂ ಕಾರ್ಪೆಟ್ ಏರಿಯಾಗೂ ಇರುವ ವ್ಯತ್ಯಾಸ ಗೊತ್ತಿರುತ್ತದಲ್ಲ, ಅದೇ ಲೆಕ್ಕ. ಮೇಜು ಕುರ್ಚಿ ಹಾಕಲು ನಿಜವಾಗಿ ಸಿಗುವುದು 17,000 ಇರಬಹುದು. ಮುಂದಿನ ಪುಟಗಳಲ್ಲಿ ಕಟ್ಟಡದ ತೆರಿಗೆ, ವಿಮೆ, ರಿಪೇರಿ ಖರ್ಚು ಪ್ರತಿ ವರ್ಷ ಏರಿದಷ್ಟೂ ಬಾಡಿಗೆದಾರನ ತಲೆಗೆ ಎಂಬ ಷರತ್ತು ಇರುತ್ತದೆ. ಏರಿಕೆಗೆ ಮಿತಿ ಹಾಕಬೇಕೆಂದು ಕೇಳಿದವರಿಗೆ ಮಾತ್ರ ಮಿತಿ ಸಿಗುತ್ತದೆ. ಒಳಗಿನ ಗೋಡೆ, ದೀಪ, ಕೇಬಲ್‌ಗೆ ಮಾಲೀಕರು ಎಷ್ಟು ಹಣ ಕೊಡುತ್ತಾರೆ? ಮೊದಲ ಕೆಲವು ತಿಂಗಳು ಬಾಡಿಗೆ ಬಿಡುತ್ತಾರೆಯೇ? ಐದನೇ ವರ್ಷ ವ್ಯಾಪಾರ ಕುಸಿದರೆ ಅರ್ಧ ಜಾಗ ಇನ್ನೊಬ್ಬರಿಗೆ ಕೊಡಬಹುದೇ? ಬಿಟ್ಟು ಹೋಗುವಾಗ ಎಲ್ಲ ಕಿತ್ತು ಮೊದಲಿನಂತೆ ಮಾಡಿಕೊಡಬೇಕೇ? ಲಾಭ ನಷ್ಟ ನಿರ್ಧಾರವಾಗುವುದು ಈ ಪುಟಗಳಲ್ಲಿ.

ಕಟ್ಟಡದ ಮಾಲೀಕ ಇಂಥ ಕರಾರುಗಳನ್ನು ದಿನಬೆಳಗಾದರೆ ಮಾಡುತ್ತಾನೆ. ಬಾಡಿಗೆಗೆ ಬರುವ ಕಂಪನಿ ಹತ್ತು ವರ್ಷಕ್ಕೊಮ್ಮೆ ಮಾಡುತ್ತದೆ, ಅದೂ ಬೇರೆ ಕೆಲಸದ ನಡುವೆ. ನಡುವೆ ನಿಂತ ಬ್ರೋಕರ್ ಸಾಮಾನ್ಯವಾಗಿ ಮಾಲೀಕನ ಕಡೆಯವನು, ಏಕೆಂದರೆ ಮಾಲೀಕನೇ ಅವನಿಗೆ ಮತ್ತೆ ಮತ್ತೆ ಕೆಲಸ ಕೊಡುವವನು. ಸ್ಟಾಬ್ಯಾಕ್ ಈ ಅಸಮತೋಲನ ಕಂಡರು. ನಾವು ಬಾಡಿಗೆದಾರನ ಪರ ಮಾತ್ರ ಮಾತಾಡುತ್ತೇವೆ ಎಂಬುದನ್ನೇ ತಮ್ಮ ಕಂಪನಿಯ ಗುರುತು ಮಾಡಿಕೊಂಡರು. ಆ ಬಗೆಯ ಕೆಲಸವನ್ನು ಅವರೊಬ್ಬರೇ ಶುರುಮಾಡಿದರು ಎನ್ನಲಾರೆ. ಆದರೆ ಅದನ್ನು ಇಡೀ ದೇಶಕ್ಕೆ ಹರಡಿದ ಮೊದಲಿಗರಲ್ಲಿ ಅವರ ಹೆಸರು ನಿಸ್ಸಂದೇಹವಾಗಿ ಮುಂದಿದೆ. ಇಂದು ಈ ಕಸುಬಿನಲ್ಲಿ ಬಾಡಿಗೆದಾರನ ಪ್ರತಿನಿಧಿ ಎಂಬುದೊಂದು ಪ್ರತ್ಯೇಕ ಹುದ್ದೆ. ನನ್ನಂಥವರ ಅನ್ನ ಅದರಿಂದಲೇ.

ಕಾಲವೂ ಒದಗಿಬಂತು. 1980ರ ದಶಕದಲ್ಲಿ ಟೆಕ್ಸಾಸ್‌ನಲ್ಲಿ ಬ್ಯಾಂಕುಗಳು ಕಣ್ಣು ಮುಚ್ಚಿ ಸಾಲ ಕೊಟ್ಟವು, ಡಲ್ಲಾಸ್ ತುಂಬ ಗಾಜಿನ ಕಟ್ಟಡಗಳು ಎದ್ದವು. 1986ರಲ್ಲಿ ತೈಲದ ಬೆಲೆ ಕುಸಿಯಿತು. ಕಟ್ಟಡಗಳು ಖಾಲಿ ಹೊಡೆದವು, ಬಿಲ್ಡರ್‌ಗಳೂ ಸಾಲ ಕೊಟ್ಟವರೂ ಒಟ್ಟಿಗೆ ಮುಳುಗಿದರು. ಮಾಲೀಕರ ಪರ ನಿಂತವರು ಒದ್ದಾಡುತ್ತಿದ್ದ ಆ ದಿನಗಳಲ್ಲಿ ಬಾಡಿಗೆದಾರರ ಪರ ನಿಂತವರ ಕೈ ಮೇಲಾಯಿತು.

ಮುಂದಿನ ಎರಡು ದಶಕಗಳಲ್ಲಿ ಕಂಪನಿ ದೇಶದ ಹತ್ತಾರು ನಗರಗಳಿಗೆ ಬೆಳೆಯಿತು, ನೌಕರರ ಸಂಖ್ಯೆ ಸಾವಿರ ದಾಟಿತು. ಕಂಪನಿಯ ಷೇರುಗಳನ್ನು ಜೊತೆಗೆ ದುಡಿದವರಿಗೂ ಹಂಚಿದ್ದರು ಎಂಬುದು ನನಗೆ ಅವರಲ್ಲಿ ಬಹಳ ಇಷ್ಟವಾದ ಸಂಗತಿ. 2008ರ ಬೇಸಗೆಯಲ್ಲಿ ಮಾರಾಟವಾದಾಗ ಆ ಹಣ ಒಬ್ಬರ ಮನೆಗೆ ಹೋಗಲಿಲ್ಲ. ಕೊಂಡದ್ದು ಜೋನ್ಸ್ ಲ್ಯಾಂಗ್ ಲಾಸಾಲ್, ಬೆಂಗಳೂರಿನಲ್ಲೂ ಕಚೇರಿ ಇರುವ, ನಮ್ಮಲ್ಲಿ ಜೆಎಲ್‌ಎಲ್ ಎಂದು ಕರೆಯುವ ಸಂಸ್ಥೆ. ಹಣದ ಒಂದು ಭಾಗ ಮೊದಲಿಗೆ, ಉಳಿದದ್ದು ಕಂತುಗಳಲ್ಲಿ. ಅದಾಗಿ ಎರಡು ತಿಂಗಳಿಗೆ, ಸೆಪ್ಟೆಂಬರ್ 15ರಂದು, ಲೇಮನ್ ಬ್ರದರ್ಸ್ ಬ್ಯಾಂಕ್ ದಿವಾಳಿಯಾಗಿ ಕಟ್ಟಡಗಳ ಮಾರುಕಟ್ಟೆಯೇ ಹೆಪ್ಪುಗಟ್ಟಿತು. ಮಾರಾಟ ಆ ವರ್ಷದ ಕೊನೆಗೆ ಬಿದ್ದಿದ್ದರೆ ಆ ಬೆಲೆ ಬರುತ್ತಿತ್ತು ಎಂದು ನಾನು ನಂಬುವುದಿಲ್ಲ. ಅದೃಷ್ಟಕ್ಕೂ ಒಂದು ಪಾಲು ಕೊಡಲೇಬೇಕು. ಮಾರಿದ ಮೇಲೂ ಸ್ಟಾಬ್ಯಾಕ್ ಆ ಸಂಸ್ಥೆಯ ಅಮೆರಿಕ ವಿಭಾಗದ ಕಾರ್ಯನಿರ್ವಾಹಕ ಅಧ್ಯಕ್ಷರಾಗಿ ಮುಂದುವರಿದರು. 2018ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ಬಂತು.

ಹಾಗಾದರೆ ವೃತ್ತಿಪರ ಆಟದಲ್ಲಿ ಖ್ಯಾತಿ ಸಿಕ್ಕದಿದ್ದರೆ ದಾರಿ ಮುಚ್ಚಿದಂತೆಯೇ ಎಂದು ನೀವು ಕೇಳಬಹುದು. ಇಲ್ಲ. ಸ್ಟಾಬ್ಯಾಕ್‌ಗಿಂತ ಗ್ಯಾರಿ ಬೀಬನ್ ಉದಾಹರಣೆ ಕೋಚ್ ಮಾತಿಗೆ ಹೆಚ್ಚು ಹೊಂದುತ್ತದೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಆಗಿ 1967ರಲ್ಲಿ ಅವರೂ ಹೈಸ್‌ಮನ್ ಗೆದ್ದರು. ವೃತ್ತಿಪರ ಆಟದಲ್ಲಿ ಎರಡೇ ವರ್ಷ, ಅದೂ ಹೆಚ್ಚುಕಮ್ಮಿ ಬೆಂಚಿನ ಮೇಲೆ. ಅಲ್ಲಿಗೆ ಬಿಟ್ಟು, ಈಗ ಸಿಬಿಆರ್‌ಇ ಎಂದು ಹೆಸರಾಗಿರುವ ವಾಣಿಜ್ಯ ರಿಯಲ್ ಎಸ್ಟೇಟ್ ಸಂಸ್ಥೆಯ ಪೂರ್ವಜ ಕಂಪನಿಯಲ್ಲಿ ಕೆಳಗಿನಿಂದ ಶುರುಮಾಡಿ ಅದರ ಅಧ್ಯಕ್ಷ ಸ್ಥಾನದವರೆಗೆ ಏರಿದರು. ಪ್ಯಾಟ್ ಹೇಡನ್ ಇನ್ನೊಬ್ಬರು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ನಲ್ಲಿ ಓದಿದವರು, ವೃತ್ತಿಪರ ಆಟ ಆಡುತ್ತಲೇ ಕಾನೂನು ಪದವಿಯನ್ನೂ ಪಡೆದವರು, ಆಮೇಲೆ ಹೂಡಿಕೆ ಸಂಸ್ಥೆಯೊಂದರ ಪಾಲುದಾರ.

ಮೂವರಲ್ಲೂ ಒಂದು ಸಾಮ್ಯ ಕಾಣುತ್ತದೆ. ಮೂವರಿಗೂ ಕೈಯಲ್ಲಿ ನಿಜವಾದ ಪದವಿ ಇತ್ತು. ಮತ್ತು ಮೂವರೂ, ಹೆಸರಿದ್ದರೂ, ಇನ್ನೊಂದು ಕಸುಬಿನಲ್ಲಿ ಹೊಸಬರಾಗಿ ಕೂರಲು ಹಿಂಜರಿಯಲಿಲ್ಲ. ನಿನ್ನೆ ಲಕ್ಷ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದವನಿಗೆ, ಇವತ್ತು ಅಪರಿಚಿತ ಕಂಪನಿಗೆ ಫೋನ್ ಮಾಡಿ ‘ನಿಮ್ಮ ಲೀಸ್ ಯಾವಾಗ ಮುಗಿಯುತ್ತದೆ’ ಎಂದು ಕೇಳುವುದು ಸುಲಭವಲ್ಲ. ಅನೇಕ ಮಾಜಿ ಆಟಗಾರರು ಎಡವುವುದು ಇಲ್ಲೇ.

ಈಗ ಕೋಚ್ ಮಾತಿನ ದೋಷ ಹೇಳುತ್ತೇನೆ. ಗೆದ್ದವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ, ಉಳಿದವರದ್ದು ಯಾರಿಗೂ ಗೊತ್ತಿರುವುದಿಲ್ಲ. ಅಮೆರಿಕದ ಕಾಲೇಜುಗಳಲ್ಲಿ ಫುಟ್‌ಬಾಲ್ ಆಡುವವರ ಪೈಕಿ ವೃತ್ತಿಪರ ಮಟ್ಟ ಮುಟ್ಟುವವರು ನೂರಕ್ಕೆ ಇಬ್ಬರೂ ಇಲ್ಲ. ಕಂಪನಿ ಕಟ್ಟಿದವರೆಲ್ಲ ಕ್ವಾರ್ಟರ್‌ಬ್ಯಾಕ್‌ಗಳಲ್ಲ, ಕ್ವಾರ್ಟರ್‌ಬ್ಯಾಕ್‌ಗಳೆಲ್ಲ ಕಂಪನಿ ಕಟ್ಟುವುದಿಲ್ಲ. ಕಾಲವೂ ಬದಲಾಗಿದೆ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಮಾಡಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ಆದಾಯದಲ್ಲಿ ಪಾಲು ಕೊಡಬಹುದು. ಆಟ ಆಡಿ ಗಾಯ ಮಾಡಿಕೊಳ್ಳುವ ಹುಡುಗರಿಗೆ ಹಣ ಸಿಗುವುದು ನ್ಯಾಯವೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹಣದ ಆಸೆಗೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುವ ಹುಡುಗನ ಪದವಿ ಅರ್ಧಕ್ಕೆ ನಿಲ್ಲುವ ಅಪಾಯ ಸ್ಟಾಬ್ಯಾಕ್ ಕಾಲದಲ್ಲಿ ಇರಲಿಲ್ಲ. ವಿದ್ಯಾರ್ಥಿವೇತನ ಸಿಕ್ಕೇ ಸಿಗುತ್ತದೆ ಎಂದು ಭಾವಿಸುವುದೂ ಬೇಡ. ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್‌ನಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನವಿಲ್ಲ, ಕಾಲೇಜು ಕ್ರೀಡೆಯ ಮೂರನೇ ವಿಭಾಗದಲ್ಲಿ ಆಡುವ ನೂರಾರು ಕಾಲೇಜುಗಳಲ್ಲೂ ಇಲ್ಲ.

ಓದಿನ ಬಗ್ಗೆ ನೀವು ಕೇಳಿದ್ದೀರಿ. ಅದಕ್ಕಿಂತ ಹೆಚ್ಚಿನ ಆತಂಕ ನನಗೆ ತಲೆಯ ಬಗ್ಗೆ. ಸ್ಟಾಬ್ಯಾಕ್ ಮೂವತ್ತೆಂಟನೇ ವಯಸ್ಸಿನಲ್ಲಿ ಆಟ ಬಿಟ್ಟದ್ದಕ್ಕೆ ಮತ್ತೆ ಮತ್ತೆ ತಲೆಗೆ ಬಿದ್ದ ಪೆಟ್ಟುಗಳೂ ಕಾರಣ. ಇನ್ನೂ ಚೆನ್ನಾಗಿ ಆಡುತ್ತಿದ್ದಾಗಲೇ, ಹಣ ಬರುತ್ತಿದ್ದಾಗಲೇ ಬಿಟ್ಟರು. ಬಿಡಲು ಸಾಧ್ಯವಾದದ್ದು ಆ ಹೊತ್ತಿಗೆ ಕಂಪನಿ ಇದ್ದದ್ದರಿಂದ ಎಂದು ನಾನು ಹೇಳುತ್ತೇನೆ. ಬೇರೆ ಅನ್ನದ ದಾರಿ ಇಲ್ಲದವರು ಇನ್ನೊಂದು ವರ್ಷ, ಮತ್ತೊಂದು ವರ್ಷ ಎಂದು ಪೆಟ್ಟು ತಿನ್ನುತ್ತಲೇ ಇರುತ್ತಾರೆ. ಪದೇ ಪದೇ ಬೀಳುವ ಪೆಟ್ಟು ವರ್ಷಗಳ ನಂತರ ನೆನಪು ಮತ್ತು ಸ್ವಭಾವವನ್ನು ಕೆಡಿಸುವುದನ್ನು ಮಾಜಿ ಆಟಗಾರರ ಮಿದುಳಿನ ಅಧ್ಯಯನಗಳಿಂದ ವೈದ್ಯರು ಈಗ ಬಲ್ಲರು.

ಮಗನಿಗೆ ಫೋನ್ ಮಾಡಿದಾಗ ಇವನ್ನು ಕೇಳಿ. ಹುಡುಗ ತಲೆಗೆ ಪೆಟ್ಟು ತಿಂದರೆ ಶಾಲೆಯಲ್ಲಿ ನೋಡುವವರು ಯಾರು? ಟೆಕ್ಸಾಸ್‌ನಲ್ಲಿ 2011ರಿಂದ ಕಾನೂನೇ ಇದೆ, ಮಿದುಳಿಗೆ ಪೆಟ್ಟಾಗಿರಬಹುದು ಎಂಬ ಅನುಮಾನ ಬಂದರೆ ಆಟಗಾರನನ್ನು ತಕ್ಷಣ ಮೈದಾನದಿಂದ ಹೊರಗೆ ಕರೆಯಬೇಕು, ವೈದ್ಯರು ಬರೆದುಕೊಡದೆ ಮತ್ತೆ ಇಳಿಸುವಂತಿಲ್ಲ. ಆ ನಿಯಮ ಪಾಲನೆ ಆಗುತ್ತಿದೆಯೇ ಎಂದು ಅಪ್ಪ ಅಮ್ಮ ಖುದ್ದಾಗಿ ಹೋಗಿ ವಿಚಾರಿಸಲಿ. ಮೈಗೆ ಮೈ ಗುದ್ದದೆ, ಸೊಂಟದ ಪಟ್ಟಿಯನ್ನು ಕಿತ್ತು ಆಡುವ ಫ್ಲ್ಯಾಗ್ ಫುಟ್‌ಬಾಲ್ ಎಂಬುದೂ ಇದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಅದು ಸೇರಿದೆ. ಕ್ವಾರ್ಟರ್‌ಬ್ಯಾಕ್ ಕಲಿಯುವ ಬಹುಪಾಲು ವಿದ್ಯೆ, ಎದುರಾಳಿಯನ್ನು ಓದುವುದು, ಯಾರಿಗೆ ಎಸೆಯಬೇಕೆಂದು ಕ್ಷಣದಲ್ಲಿ ಆರಿಸುವುದು, ಅಲ್ಲೂ ಸಿಗುತ್ತದೆ. ಹದಿಮೂರು ಹದಿನಾಲ್ಕರ ಹುಡುಗನಿಗೆ ಅದು ಸಾಕು ಎಂಬುದು ನನ್ನ ಅಭಿಪ್ರಾಯ. ಆಟ ಬಿಡಿಸಬೇಡಿ, ತಂಡದಲ್ಲಿ ಅವನಿಗೆ ಸಿಕ್ಕಿರುವ ಹೊಣೆ ಸಣ್ಣದಲ್ಲ.

ಇನ್ನೆರಡು ವರ್ಷಕ್ಕೆ, ಹದಿನಾರು ತುಂಬಿದ ಮೇಲೆ, ಬೇಸಗೆ ರಜೆಯಲ್ಲಿ ಎಲ್ಲಾದರೂ ಕೆಲಸಕ್ಕೆ ಸೇರಿಸಲು ಮಗನಿಗೆ ಹೇಳಿ. ಅಂಗಡಿಯೋ, ಗೋದಾಮೋ, ಯಾರದ್ದಾದರೂ ಕಚೇರಿಯೋ, ಯಾವುದಾದರೂ ಆಗಬಹುದು. ಅಲ್ಲಿ ಅವನು ಕ್ವಾರ್ಟರ್‌ಬ್ಯಾಕ್ ಎಂದು ಯಾರಿಗೂ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು.